ರೇಟು ಹಳೇದು, ತಾರೀಖು ಇವತ್ತಿಂದು

ಅವತ್ತು ಮಧ್ಯಾಹ್ನ ಬಾಗಲಕೋಟೆಯ ಎಪಿಎಂಸಿಯಿಂದ ನಮಗೊಂದು ಫೋನ್ ಬಂತು. ಮಾಡಿದವರು ಬೀಳಗಿ ತಾಲ್ಲೂಕಿನ ಒಬ್ಬ ಹಿರಿಯರು. ನಾವು ಅವರನ್ನು ಕಾಕಾ ಅಂತ ಕರೀತೀವಿ. ಹಿಂದೆ ಹರಾಜಿನ ಗದ್ದಲ ಕೇಳುತ್ತಿತ್ತು.

“ತಮ್ಮಾ, ನಿಮ್ಮ ಪೇಜಿನ್ಯಾಗ ಉಳ್ಳಾಗಡ್ಡಿ ರೇಟ ನೋಡಿ ಗಾಡಿ ತುಂಬಿಸ್ಕೊಂಡು ಬಂದೀನಿ. ಇಲ್ಲಿ ನೋಡಿದ್ರ ಕ್ವಿಂಟಲ್‌ಗೆ ಮುನ್ನೂರ ರೂಪಾಯಿ ಕಡಿಮಿ ಐತಿ. ದಲಾಲಿ ಅಂಗಡ್ಯಾವ ‘ಅದು ಹ್ವಾದ ವಾರದ ರೇಟ’ ಅಂತಾನ. ನಿಮ್ಮ ಪೇಜಿನ್ಯಾಗ ಇವತ್ತಿನ ತಾರೀಖು ಐತಲ್ಲಪಾ?”

ನಾವು ಪೇಜು ತೆರೆದು ನೋಡಿದೆವು. ತಾರೀಖು ಇವತ್ತಿನದೇ ಇತ್ತು. ವಾಟ್ಸಾಪ್ ಗುಂಪಿನಲ್ಲಿ ನಾವೇ ದಿನಾ ಹಾಕಿದ್ದ ಫೋಟೋಗಳನ್ನು ಹಿಂದಕ್ಕೆ ಸರಿಸುತ್ತಾ ಹೋದೆವು. ಬೆಲ್ಲ, ಗೋವಿನಜೋಳ, ಉಳ್ಳಾಗಡ್ಡಿ ಮೂರರ ದರವೂ ಎಂಟು ದಿನದಿಂದ ಒಂದು ರೂಪಾಯಿ ಕೂಡ ಅಲುಗಾಡಿರಲಿಲ್ಲ. ಯಾವ ಮಾರುಕಟ್ಟೆ ಹಾಗೆ ನಿಲ್ಲುತ್ತದೆ? ನಮಗೆ ಮೊದಲೇ ಅನುಮಾನ ಬರಬೇಕಿತ್ತು.

ಕಾಕಾ ಮಾಲು ಹೊಳ್ಳಿ ಒಯ್ಯಲಿಲ್ಲ. ಗಾಡಿ ಬಾಡಿಗೆ, ಹಮಾಲಿ ಎರಡೂ ಮೈಮೇಲೆ ಬಂದಿದ್ದವು. ಅಲ್ಲೇ ಮಾರಿ ಊರಿಗೆ ಹೋದರು. ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ನಮಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ನಾವು ನಾಲ್ವರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕಿಗೆ ಒಬ್ಬೊಬ್ಬರು. ಪತ್ರಿಕೋದ್ಯಮ ಓದಿ ಊರಿಗೆ ಬಂದವರು. ಸುದ್ದಿ ಬರೆಯುವುದು ಗೊತ್ತಿತ್ತು, ಕಂಪ್ಯೂಟರಿನ ಒಳಗಿನದು ಗೊತ್ತಿರಲಿಲ್ಲ. ದರದ ಪೇಜಿಗೆ ಬೇಕಾದ ಸಣ್ಣ ಪ್ರೋಗ್ರಾಮನ್ನು ಪುಣೆಯಲ್ಲಿ ಕೆಲಸ ಮಾಡುವ ಬನಹಟ್ಟಿಯ ಗೆಳೆಯ ಬರೆದುಕೊಟ್ಟಿದ್ದ. ಬನಹಟ್ಟಿಯಲ್ಲಿ ನಮ್ಮ ಗೆಳತಿಯ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಅದು ದಿನಾ ಸಂಜೆ ಏಳಕ್ಕೆ ದರದ ಮಾಹಿತಿ ಕೊಡುವ ಇನ್ನೊಂದು ಕಂಪ್ಯೂಟರಿಗೆ ಇಂಟರ್ನೆಟ್ಟಿನಲ್ಲೇ ಪ್ರಶ್ನೆ ಕಳಿಸುತ್ತದೆ, ಉತ್ತರ ತಂದು ನಮ್ಮ ಪೇಜಿಗೆ ಹಾಕುತ್ತದೆ. ಹೀಗೆ ಕೇಳಿದವರಿಗೆ ಮಾಹಿತಿ ಕೊಡುವ ಏರ್ಪಾಡಿಗೆ ವೆಬ್ ಸರ್ವಿಸ್ ಅಂತಾರೆ. ಅದರ ಬಾಗಿಲಿಗೆ ಎಂಡ್‌ಪಾಯಿಂಟ್ ಅಂತಾರೆ. ಆ ಬಾಗಿಲು ಎಲ್ಲಿದೆ ಅಂತ ಬರೆದಿಟ್ಟುಕೊಳ್ಳುವ ಚೀಟಿಯೇ ಕಾನ್ಫಿಗ್ ಫೈಲು.

ವಿಳಾಸದ ಕಥೆ ನಮ್ಮ ನಾಲ್ಕು ತಾಲ್ಲೂಕಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ರಬಕವಿ-ಬನಹಟ್ಟಿ ತಾಲ್ಲೂಕಾಗಿದ್ದು 2018ರಲ್ಲಿ. ಅದಕ್ಕೂ ಮೊದಲು ಬನಹಟ್ಟಿಯವರು ವಿಳಾಸದಲ್ಲಿ ‘ತಾ. ಜಮಖಂಡಿ’ ಅಂತ ಬರೆಯುತ್ತಿದ್ದರು. ಇವತ್ತಿಗೂ ಹಾಗೇ ಬರೆದ ಪತ್ರ ಬಂದರೆ ಪೋಸ್ಟ್‌ಮನ್ ತಂದು ಕೊಡುತ್ತಾನೆ, ಯಾಕಂದರೆ ಅವನಿಗೆ ಊರು ಗೊತ್ತು, ಮಂದಿ ಗೊತ್ತು. ಬೀಳಗಿಯವರದ್ದು ಇನ್ನೂ ದೊಡ್ಡ ಕಥೆ. ಆಲಮಟ್ಟಿಯ ಹಿನ್ನೀರಿಗೆ ಹಳ್ಳಿಗಳು ಮುಳುಗಿ, ಮಂದಿ ಪುನರ್ವಸತಿ ಕೇಂದ್ರಗಳಿಗೆ ಬಂದರು. ಊರಿನ ಹೆಸರು ಅದೇ, ಜಾಗ ಬೇರೆ. ಹಳೇ ದಾರಿ ಹಿಡಿದು ಹೋದರೆ ನೀರು ಸಿಗುತ್ತದೆ, ಮನೆ ಸಿಗುವುದಿಲ್ಲ. ಕಂಪ್ಯೂಟರಿಗೆ ಪೋಸ್ಟ್‌ಮನ್‌ನ ಬುದ್ಧಿ ಇಲ್ಲ. ಚೀಟಿಯಲ್ಲಿ ಬರೆದ ಜಾಗಕ್ಕೇ ದಿನಾ ಹೋಗುತ್ತದೆ, ಅಲ್ಲಿ ನೀರಿದ್ದರೂ.

ನಮ್ಮದೂ ಅದೇ ಆಗಿತ್ತು. ಅವತ್ತು ರಾತ್ರಿ ನಾಲ್ವರೂ ಬನಹಟ್ಟಿಯಲ್ಲಿ ಸೇರಿದೆವು. ಒಳಗೆ ಮಗ್ಗದ ಸದ್ದು, ಹೊರಗೆ ನಮ್ಮ ಗಲಾಟೆ. ಪುಣೆಯ ಗೆಳೆಯ ಫೋನಿನಲ್ಲಿ ಇದ್ದ.

“ಮೊದ್ಲ ಲಾಗ್ ಫೈಲ್ ತಗದ ನೋಡ್ರಿ” ಅಂದ.

ಲಾಗ್ ಫೈಲು ಅಂದರೆ ಪ್ರೋಗ್ರಾಮು ಬರೆದುಕೊಳ್ಳುವ ದಿನಚರಿ. ಅಂಥದ್ದೊಂದು ಇದೆ ಅಂತಲೇ ನಮಗೆ ನೆನಪಿರಲಿಲ್ಲ. ತೆರೆದರೆ ಎಂಟು ಸಂಜೆಗೆ ಎಂಟು ಸಲ ಒಂದೇ ಸಾಲು: ಈ ವಿಳಾಸದಲ್ಲಿ ಕೇಳಿಸಿಕೊಳ್ಳುವ ಎಂಡ್‌ಪಾಯಿಂಟ್ ಯಾವುದೂ ಇಲ್ಲ. ಪಾಪ, ಪ್ರೋಗ್ರಾಮು ದಿನಾ ಹೇಳಿತ್ತು. ನಾವು ಕೇಳಿಸಿಕೊಂಡಿರಲಿಲ್ಲ. ಮೇಲ್ ಹುಡುಕಿದರೆ ಅಲ್ಲೂ ನಮ್ಮದೇ ತಪ್ಪು. ವಿಳಾಸ ಬದಲಾಗುತ್ತದೆ ಅಂತ ಮಾಹಿತಿ ಕೊಡುವವರು ತಿಂಗಳ ಮೊದಲೇ ತಿಳಿಸಿದ್ದರು. ಆ ಮೇಲ್ ಅನ್ನು ಯಾರೂ ತೆರೆದಿರಲಿಲ್ಲ.

ಪ್ರೋಗ್ರಾಮು ಮೈಕ್ರೋಸಾಫ್ಟ್ ಕಂಪನಿಯ ಡಬ್ಲ್ಯೂಸಿಎಫ್ ಎಂಬ ಪದ್ಧತಿಯಲ್ಲಿತ್ತು. 2006ರಲ್ಲಿ ಬಂದ ಹಳೇ ಪದ್ಧತಿ, ಇವತ್ತಿಗೂ ಬಹಳ ಕಡೆ ನಡೆಯುತ್ತಿದೆ. ಅದರಲ್ಲಿ ಎಂಡ್‌ಪಾಯಿಂಟ್ ಅಂದರೆ ಮೂರು ಸಂಗತಿ: ಅಡ್ರೆಸ್, ಬೈಂಡಿಂಗ್, ಕಾಂಟ್ರಾಕ್ಟ್. ಗೆಳೆಯ ನಮಗೆ ಹೇಳಿಕೊಟ್ಟಿದ್ದು ಹೀಗೆ: “ಎಲ್ಲಿ, ಹೆಂಗ, ಏನು. ಯಾವ ಅಂಗಡಿಗೆ ಹೋಗಬೇಕು, ಹೆಂಗ ಮಾತಾಡಬೇಕು, ಏನ ಕೇಳಿದ್ರ ಏನ ಕೊಡ್ತಾರ. ಮೂರೂ ಕೂಡಿದ್ರನ ವ್ಯಾಪಾರ.”

ನಾವು ‘ಎಲ್ಲಿ’ ಅನ್ನುವುದನ್ನು ತಿದ್ದಿದೆವು. ಹೊಸ ವಿಳಾಸ ಹಾಕಿ ಪ್ರೋಗ್ರಾಮು ಓಡಿಸಿದೆವು. ಲಾಗ್‌ನಲ್ಲಿ ಮತ್ತೆ ಹಳೇ ಸಾಲೇ ಬಂತು. ಮತ್ತೆ ತಿದ್ದಿದೆವು, ಮತ್ತೆ ಅದೇ. ಅರ್ಧ ತಾಸು ಹಾಳಾಯಿತು.

“ಯಾವ ಫೋಲ್ಡರಿನ್ಯಾಗಿಂದು ತಿದ್ದಾಕತ್ತೀರಿ?” ಅಂತ ಗೆಳೆಯ ಕೇಳಿದ. ಪ್ರೋಗ್ರಾಮು ಬರೆಯುವಾಗಿನ ಮೂಲ ಫೋಲ್ಡರಿನಲ್ಲಿ ಒಂದು ಕಾನ್ಫಿಗ್ ಫೈಲು ಇತ್ತು, ನಾವು ತಿದ್ದಿದ್ದು ಅದನ್ನು. ನಿಜವಾಗಿ ಓಡುವ ಪ್ರೋಗ್ರಾಮಿನ ಪಕ್ಕದಲ್ಲಿ ಅದರದೇ ಹೆಸರಿನ ಮುಂದೆ ‘ಡಾಟ್ ಕಾನ್ಫಿಗ್’ ಅಂತ ಸೇರಿದ ಇನ್ನೊಂದು ಪ್ರತಿ ಇತ್ತು, ಪ್ರೋಗ್ರಾಮು ಓದುವುದು ಅದನ್ನು. ಮೇಲಾಗಿ ಅದು ಚೀಟಿ ಓದುವುದು ಏಳುವಾಗ ಒಂದೇ ಸಲ. ತಿದ್ದಿದ ಮೇಲೆ ಪ್ರೋಗ್ರಾಮು ಮುಚ್ಚಿ ಮತ್ತೆ ಶುರು ಮಾಡಬೇಕು.

ಸರಿಯಾದ ಫೈಲು ತಿದ್ದಿದೆವು. ಈ ಸಲ ಬೇರೆ ತಕರಾರು ಬಂತು: ‘ಎಚ್‌ಟಿಟಿಪಿಎಸ್ ಸರಿಯಿಲ್ಲ, ಎಚ್‌ಟಿಟಿಪಿ ಬೇಕಿತ್ತು.’ ನಮಗೆ ಖುಷಿಯಾಯಿತು. ತಕರಾರು ಬದಲಾದರೆ ಒಂದು ಹೆಜ್ಜೆ ಮುಂದೆ ಹೋದ ಹಾಗೆ. ಹಳೇ ವಿಳಾಸ ಪೋಸ್ಟ್ ಕಾರ್ಡಿನಂತೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಹೊಸದು ಅಂಟಿಸಿದ ಲಕೋಟೆ. ನಾವು ವಿಳಾಸ ಮಾತ್ರ ಬದಲಿಸಿ ‘ಹೆಂಗ’ ಅನ್ನುವುದನ್ನು ಹಳೇದೇ ಬಿಟ್ಟಿದ್ದೆವು. ಬೈಂಡಿಂಗಿನ ಒಳಗೆ ಸೆಕ್ಯುರಿಟಿ ಮೋಡ್ ಅಂತ ಇರುತ್ತದೆ. ಅಲ್ಲಿ ‘ನನ್’ ಇದ್ದದ್ದನ್ನು ‘ಟ್ರಾನ್ಸ್‌ಪೋರ್ಟ್’ ಅಂತ ಮಾಡಿದ ಮೇಲೆ ಲಕೋಟೆ ಹೋಯಿತು.

ಉತ್ತರವೂ ಬಂತು. ಆದರೆ ಬಾಗಿಲಲ್ಲೇ ಸಿಕ್ಕಿಕೊಂಡಿತು. ಡಬ್ಲ್ಯೂಸಿಎಫ್ ತಾನಾಗಿ ಒಪ್ಪಿಕೊಳ್ಳುವುದು 65,536 ಬೈಟ್‌ನಷ್ಟು ದೊಡ್ಡ ಉತ್ತರವನ್ನು ಮಾತ್ರ, ಅಂದರೆ 64 ಕೆಬಿ. ಹಳೇ ವಿಳಾಸ ನಮ್ಮ ಜಿಲ್ಲೆಯದನ್ನಷ್ಟೇ ಕೊಡುತ್ತಿತ್ತು, ಹೊಸದು ಇಡೀ ರಾಜ್ಯದ್ದನ್ನು ಕಳಿಸಿತ್ತು. ಕಿಟಕಿಯಿಂದ ಕಬ್ಬಿನ ಟ್ರ್ಯಾಕ್ಟರ್ ಒಳಗೆ ತರುವ ಹಾಗೆ. ಮಿತಿ ಹೆಚ್ಚಿಸಬಹುದಿತ್ತು. ಗೆಳೆಯ ಬೇಡ ಅಂದ. “ಬೇಕಾದಷ್ಟ ಕೇಳ್ರಿ” ಅಂದ. ಜಿಲ್ಲೆಯ ಹೆಸರು ಹಾಕಿ ಕೇಳಿದೆವು. ತಪ್ಪು ಅಂತಲೂ ಬರಲಿಲ್ಲ, ದರವೂ ಬರಲಿಲ್ಲ, ಖಾಲಿ ಉತ್ತರ ಬಂತು. ಬಾಗಲಕೋಟೆಯನ್ನು ಇಂಗ್ಲಿಷಿನಲ್ಲಿ ಕೊನೆಗೆ ‘ಇ’ ಅಕ್ಷರ ಹಚ್ಚಿಯೂ ಬರೀತಾರೆ, ಹಚ್ಚದೆಯೂ ಬರೀತಾರೆ. ನಾವು ಹಚ್ಚಿದ್ದೆವು, ಅವರ ಪಟ್ಟಿಯಲ್ಲಿ ಇರಲಿಲ್ಲ. ಆ ಒಂದು ಅಕ್ಷರ ತೆಗೆದ ಮೇಲೆ ರಾತ್ರಿ ಹನ್ನೊಂದೂವರೆಗೆ ಮಹಾಲಿಂಗಪುರದ ಬೆಲ್ಲದ ದರ ಪರದೆಯ ಮೇಲೆ ಬಂತು. ಚಹಾ ಕುಡಿದೆವು.

ಬೀಳಗಿಯವನು ಮಾತ್ರ ಚಹಾ ಮುಟ್ಟಲಿಲ್ಲ. “ವಿಳಾಸ ತಿದ್ದಿದ್ವಿ ಖರೆ. ಆದ್ರ ಕಾಕಾಗ ಹಳೇ ರೇಟ ತೋರಿಸಿದ್ದು ಯಾಕ? ರೇಟ ಬರಲಿಲ್ಲ ಅಂದ್ರ ಖಾಲಿ ತೋರಿಸಬೇಕಿತ್ತಲ್ಲ?”

ಅವನು ಕೇಳಿದ್ದು ಸರಿ ಇತ್ತು. ಪ್ರೋಗ್ರಾಮು ಬರೆಯುವಾಗ ನಾವೇ ಗೆಳೆಯನಿಗೆ ಹೇಳಿದ್ದೆವು: ಒಂದು ದಿನ ನೆಟ್ ಇಲ್ಲದಿದ್ದರೆ ಪೇಜು ಖಾಲಿ ಕಾಣಬಾರದು, ಹಿಂದಿನ ದರ ಹಾಗೇ ಇರಲಿ ಅಂತ. ಪೇಜಿನ ತಲೆಯ ಮೇಲೆ ಆ ದಿನದ ತಾರೀಖು ತಾನಾಗಿ ಬೀಳುತ್ತಿತ್ತು. ಕೆಳಗಿನ ದರಕ್ಕೆ ತನ್ನದು ಅಂತ ತಾರೀಖು ಇರಲಿಲ್ಲ. ವಿಳಾಸ ತಪ್ಪಿದ್ದು ಅಚಾತುರ್ಯ. ಹಳೇ ದರದ ಮೇಲೆ ಹೊಸ ತಾರೀಖು ಬಿದ್ದದ್ದು ಮಾತ್ರ ನಾವು ಚಂದ ಕಾಣಲಿ ಅಂತ ಮಾಡಿಕೊಂಡದ್ದು. ನಿನ್ನೆಯ ಸುದ್ದಿಯನ್ನು ಇವತ್ತಿನದು ಅಂತ ಅಚ್ಚು ಹಾಕಬಾರದು ಅನ್ನುವುದು ಪತ್ರಿಕೋದ್ಯಮದ ತರಗತಿಯಲ್ಲಿ ನಾವು ಕಲಿತ ಮೊದಲ ಪಾಠಗಳಲ್ಲಿ ಒಂದು. ನಾವು ಎಂಟು ದಿನ ಅದನ್ನೇ ಮಾಡಿದ್ದೆವು.

ಆ ರಾತ್ರಿಯೇ ನಾಲ್ಕು ಕೆಲಸ ಮಾಡಿದೆವು. ಪ್ರತಿ ದರದ ಪಕ್ಕ ಅದು ಯಾವ ದಿನದ್ದು ಅಂತ ಬರುವ ಹಾಗೆ ಮಾಡಿದೆವು. ಆ ದಿನದ ದರ ಬರದಿದ್ದರೆ ದೊಡ್ಡ ಅಕ್ಷರದಲ್ಲಿ ‘ಇವತ್ತಿನ ದರ ಬಂದಿಲ್ಲ’ ಅಂತ ತೋರಿಸಿ, ಹಳೇದನ್ನು ಕೆಳಗೆ ಸಣ್ಣಗೆ ಇಟ್ಟೆವು. ಈ ಲೆಕ್ಕವನ್ನು ಬನಹಟ್ಟಿಯ ಕಂಪ್ಯೂಟರಿಗೆ ವಹಿಸಲಿಲ್ಲ, ಪೇಜಿಗೇ ವಹಿಸಿದೆವು. ಕರೆಂಟು ಹೋಗಿ ಕಂಪ್ಯೂಟರೇ ಆರಿದರೆ ಹೇಳುವವರು ಯಾರು? ವಾರಕ್ಕೊಬ್ಬರಂತೆ ಲಾಗ್ ನೋಡುವ ಪಾಳಿ ಹಾಕಿಕೊಂಡೆವು. ಕೊನೆಯದಾಗಿ, ಕಾನ್ಫಿಗ್ ಫೈಲು ತಿದ್ದುವ ಮುಂಚೆ ಹಳೇದರ ಒಂದು ಪ್ರತಿಯನ್ನು ತಾರೀಖು ಬರೆದು ತೆಗೆದಿಡುವುದು.

ಮರುದಿನ ಪೇಜಿನ ಮೇಲ್ಭಾಗದಲ್ಲೇ ತಪ್ಪೊಪ್ಪಿಗೆ ಹಾಕಿದೆವು, ಯಾವ ದಿನದಿಂದ ಯಾವ ದಿನದವರೆಗೆ ದರ ತಪ್ಪಿತ್ತು ಅಂತ ಬರೆದು.

ಇದನ್ನೆಲ್ಲ ನಿಮಗ್ಯಾಕೆ ಹೇಳುತ್ತಿದ್ದೇವೆ ಅಂದರೆ, ‘ಸರ್ವರ್ ಇಲ್ಲ’ ಅನ್ನುವ ಮಾತು ನಿಮಗೂ ದಿನಾ ಕೇಳಿಸುತ್ತದೆ. ಗ್ರಾಮ ಒನ್‌ನಲ್ಲಿ, ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ. ಕೇಳಿದ ತಕ್ಷಣ ಮನೆಗೆ ಬರಬೇಡಿ, ಎರಡು ಮಾತು ಕೇಳಿ. ಅದೇ ಕಂಪ್ಯೂಟರಿನಲ್ಲಿ ಬೇರೆ ವೆಬ್‌ಸೈಟ್ ತೆರೆಯುತ್ತದಾ? ಪಕ್ಕದ ಊರಿನಲ್ಲಿ ಇದೇ ಕೆಲಸ ನಡೆದಿದೆಯಾ? ಬೇರೆ ಯಾವುದೂ ತೆರೆಯದಿದ್ದರೆ ತೊಂದರೆ ನೆಟ್ಟಿನದು. ಪಕ್ಕದ ಊರಿನಲ್ಲಿ ನಡೆದಿದ್ದರೆ ತೊಂದರೆ ಈ ಅಂಗಡಿಯದು, ನೀವು ಪಕ್ಕದ ಊರಿಗೆ ಹೋಗಬಹುದು.

ಪರದೆಯ ಮೇಲೆ ನಂಬರ್ ಇದ್ದರೆ ಅದೂ ಮಾತಾಡುತ್ತದೆ. 404 ಅಂದರೆ ಮನೆ ಸಿಕ್ಕಿತು, ಕೇಳಿದ ಕೋಣೆ ಅಲ್ಲಿಲ್ಲ. 401 ಅಂದರೆ ನೀನು ಯಾರು ಅಂತ ಗೊತ್ತಾಗಲಿಲ್ಲ, 403 ಅಂದರೆ ಗೊತ್ತು ಆದರೆ ಒಳಗೆ ಬಿಡುವುದಿಲ್ಲ. 500 ಅಂದರೆ ಆ ಕಡೆಯವರ ಮನೆಯೊಳಗೇ ಏನೋ ಕೆಟ್ಟಿದೆ. 503 ಅಂದರೆ ಈಗ ಗದ್ದಲ ಇಲ್ಲವೇ ರಿಪೇರಿ ನಡೆದಿದೆ, ಸ್ವಲ್ಪ ತಡೆದು ಬಾ. ಕಂಪ್ಯೂಟರಿನ ಮೂಲೆಯ ತಾರೀಖನ್ನೂ ಒಮ್ಮೆ ನೋಡಿ. ಒಳಗಿನ ಸಣ್ಣ ಬ್ಯಾಟರಿ ಸತ್ತರೆ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ಆಗ ಎಚ್‌ಟಿಟಿಪಿಎಸ್ ಇರುವ ಯಾವ ಬಾಗಿಲೂ ತೆರೆಯುವುದಿಲ್ಲ.

ನಮ್ಮಂತೆ ದರದ ಪೇಜು ಮಾಡುವ ಹುಡುಗ ಹುಡುಗಿಯರಿಗೆ ಒಂದು ಮಾತು. ಕೇಂದ್ರ ಸರ್ಕಾರದ ಡೇಟಾ ಡಾಟ್ ಗವ್ ಡಾಟ್ ಇನ್‌ನಲ್ಲಿ ಮಾರುಕಟ್ಟೆ ದರ ಸಿಗುತ್ತದೆ. ಅಲ್ಲಿ ಪರೀಕ್ಷೆಗೆ ಅಂತ ಕೊಡುವ ಸ್ಯಾಂಪಲ್ ಕೀ ಹತ್ತು ಸಾಲಿಗಿಂತ ಹೆಚ್ಚು ಕೊಡುವುದಿಲ್ಲ. ಹೆಸರು ನೋಂದಾಯಿಸಿ ಸ್ವಂತ ಕೀ ತಗೊಳ್ಳಿ, ಆ ಕೀಯನ್ನು ಯಾರಿಗೂ ಕಾಣುವ ಜಾಗದಲ್ಲಿ ಇಡಬೇಡಿ. ಮಾಲು ಮಾರುವವರಿಗೆ ಇನ್ನೊಂದು ಮಾತು. ನಮ್ಮ ಪೇಜನ್ನಷ್ಟೇ ನಂಬಬೇಡಿ. ಕೇಂದ್ರದ ಅಗ್‌ಮಾರ್ಕ್‌ನೆಟ್, ರಾಜ್ಯದ ಕೃಷಿ ಮಾರಾಟ ವಾಹಿನಿ ಎರಡರಲ್ಲೂ ಕನಿಷ್ಠ, ಗರಿಷ್ಠ ಮತ್ತು ಮಾದರಿ ದರ ಇರುತ್ತವೆ. ದರದ ಪಕ್ಕದ ತಾರೀಖು ನೋಡದೆ ಗಾಡಿ ತುಂಬಿಸಬೇಡಿ.

ಮುಂದಿನ ಭಾನುವಾರ ನಾವು ನಾಲ್ವರೂ ಕಾಕಾನ ಊರಿಗೆ ಹೋದೆವು. ಆಗಿದ್ದನ್ನೆಲ್ಲ ಬಿಡಿಸಿ ಹೇಳಿದೆವು. ಹಳೇ ವಿಳಾಸದ ಮಾತಿಗೆ ಕಾಕಾ ನಕ್ಕರು. “ನಮ್ಮ ಊರ ಮುಳುಗಿದ ಮ್ಯಾಲ ಬೀಗರು ಒಮ್ಮೆ ಹಳೇ ಊರ ದಾರಿಗೆ ಹೋಗಿ ನೀರ ನೋಡಿ ಬಂದಿದ್ರು” ಅಂದರು. ಆಮೇಲೆ ಸುಮ್ಮನಾಗಿ, “ಗೊತ್ತಿಲ್ಲ ಅನ್ನಾಕ ನಾಚಬ್ಯಾಡ್ರಿ ತಮ್ಮಾ” ಅಂದರು. ರೊಟ್ಟಿ ಉಣ್ಣಿಸಿ ಕಳಿಸಿದರು.

ಮೂರು ವಾರದ ನಂತರ ಬನಹಟ್ಟಿಯಲ್ಲಿ ಸಂಜೆಯಿಡೀ ಕರೆಂಟ್ ಇರಲಿಲ್ಲ. ರಾತ್ರಿ ಎಂಟೂವರೆಗೆ ಕಾಕಾ ಫೋನ್ ಮಾಡಿದರು. ನಮಗೆ ಎದೆ ಧಸಕ್ಕೆಂದಿತು.

“ತಮ್ಮಾ, ಇವತ್ತಿನ ದರ ಬಂದಿಲ್ಲ ಅಂತ ತೋರಸಾಕತ್ತೈತಿ.”

“ಹೌದ ಕಾಕಾ, ಇಲ್ಲಿ ಕರೆಂಟ್ ಹೋಗೈತಿ.”

“ಪಾಡಾತು ಬಿಡು. ನಾ ಅಂಗಡಿಗೆ ಫೋನ ಹಚ್ಚಿ ಕೇಳೀನಿ. ಗಾಡಿ ನಾಳೆ ಬ್ಯಾಡ, ನಾಡದ ಹೊಂಡಸ್ತೀನಿ.”