ಗೋಷ್ಠಿಯ ಕೊನೆಯ ಸರದಿ

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತ ನನಗೆ, ಅರವತ್ತು ದಾಟಿದ ಮೇಲೂ ವಿಚಾರ ಸಂಕಿರಣಗಳ ಕರೆ ಬರುವುದು ನಿಂತಿಲ್ಲ. ಹಾರ, ಶಾಲು, ಫಲಗಳೊಡನೆ ಮರಳುವಾಗ ಏನೋ ಸಾಧಿಸಿದೆನೆಂಬ ತೃಪ್ತಿಯೂ ಇರುತ್ತಿತ್ತು. ಆ ತೃಪ್ತಿಯನ್ನು ಕಲಕಿದ ಒಂದು ಪ್ರಸಂಗವನ್ನು ಓದುಗ ಬಂಧುಗಳ ಮುಂದೆ ಇಡಬಯಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಫೆಬ್ರವರಿ 20. ವಿಶ್ವಸಂಸ್ಥೆಯ ಮಹಾಸಭೆ 2007ರಲ್ಲಿ ಕೈಗೊಂಡ ನಿರ್ಣಯದಂತೆ, 2009ರಿಂದ ಈ ದಿನವನ್ನು ವಿಶ್ವ ಸಾಮಾಜಿಕ ನ್ಯಾಯ ದಿನವೆಂದು ಆಚರಿಸಲಾಗುತ್ತಿದೆ. ಅದರ ಅಂಗವಾಗಿ ನಡೆದ ಸಂಕಿರಣದಲ್ಲಿ ಒಂದು ಗೋಷ್ಠಿಯ ಅಧ್ಯಕ್ಷತೆ ನನ್ನದಾಗಿತ್ತು. ಮೂವರು ಪ್ರಬಂಧ ಮಂಡಿಸುವವರು. ಪ್ರತಿಯೊಬ್ಬರಿಗೂ 20 ನಿಮಿಷವೆಂದು ಆಮಂತ್ರಣ ಪತ್ರಿಕೆಯಲ್ಲಿ ಸ್ಪಷ್ಟವಾಗಿ ಮುದ್ರಿತವಾಗಿತ್ತು.

ಮೊದಲನೆಯ ಪ್ರಾಧ್ಯಾಪಕರು ಜಾನ್ ರಾಲ್ಸ್ ಅವರು 1971ರಲ್ಲಿ ಪ್ರಕಟಿಸಿದ ನ್ಯಾಯ ಸಿದ್ಧಾಂತವನ್ನು ವಿವರಿಸಿದರು. ಎರಡನೆಯವರು ಅಮರ್ತ್ಯ ಸೇನ್ ಅವರ 2009ರ ಗ್ರಂಥವನ್ನು ಕೈಗೆತ್ತಿಕೊಂಡರು. ಅದರಲ್ಲಿ ಸೇನ್ ಅವರು ನಮ್ಮ ಎರಡು ಪ್ರಾಚೀನ ಪದಗಳನ್ನು ಬೇರ್ಪಡಿಸಿ ತೋರಿಸುತ್ತಾರೆ. ನೀತಿಯೆಂದರೆ ನಿಯಮಗಳ, ಸಂಸ್ಥೆಗಳ ಕ್ರಮಬದ್ಧತೆ. ನ್ಯಾಯವೆಂದರೆ ಅವುಗಳ ನಡುವೆ ಜನರು ನಿಜವಾಗಿ ಬಾಳುತ್ತಿರುವ ಬಾಳು. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮತ್ಸ್ಯನ್ಯಾಯದ ಪ್ರಸ್ತಾಪವೂ ಅಲ್ಲಿದೆ. ಪಾಠಶಾಲೆಯಲ್ಲಿ ಕೇಳಿದ ಪದ ಕಿವಿಗೆ ಬಿದ್ದೊಡನೆ ನನಗೆ ಉತ್ಸಾಹ ಉಕ್ಕಿತು. ಅಧ್ಯಕ್ಷನೆಂಬುದನ್ನು ಮರೆತು ಅದರ ಶಾಸ್ತ್ರಾರ್ಥವನ್ನು ವಿಸ್ತರಿಸತೊಡಗಿದೆ. ಸಭೆ ಚಪ್ಪಾಳೆ ತಟ್ಟಿತು.

ಕೊನೆಯವಳು ರಾಯಚೂರಿನ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬಂದಿದ್ದ ಸಂಶೋಧನ ವಿದ್ಯಾರ್ಥಿನಿ. ಹತ್ತಿಯ ಸಂಕರಣ ಬೀಜ ತಯಾರಿಸುವ ಹೊಲಗಳಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಕುರಿತದ್ದು ಅವಳ ಪ್ರಬಂಧ. ಸಂಜೆ ಮೊಗ್ಗನ್ನು ಬಿಡಿಸಿ ಕೇಸರ ತೆಗೆಯುವುದು, ಮರುದಿನ ಬೆಳಿಗ್ಗೆ ಬೇರೊಂದು ತಳಿಯ ಹೂವಿನ ಪರಾಗವನ್ನು ಒಂದೊಂದಕ್ಕೂ ಕೈಯಿಂದಲೇ ಸವರುವುದು ಅವರ ಕೆಲಸ. ಅವಳು ಅಷ್ಟನ್ನು ಹೇಳುವಷ್ಟರಲ್ಲಿ ಊಟದ ವೇಳೆಯಾಯಿತೆಂದು ಸಂಘಟಕರು ಚೀಟಿ ಕಳುಹಿಸಿದರು. ನಾನು ಗಂಟೆ ಬಾರಿಸಿದೆ. ಅವಳಿಗೆ ದೊರೆತದ್ದು ಐದೇ ನಿಮಿಷ.

ಊಟದ ಸಾಲಿನಲ್ಲಿ ಅವಳ ಬಳಿ ಹೋಗಿ, “ತಂಗಿ, ನನ್ನಿಂದ ತಪ್ಪಾಯಿತು” ಎಂದೆ. ಅವಳು ನಗುತ್ತ, “ಇರಲಿ ಬಿಡ್ರಿ ಗುರುಗಳೆ, ನಾ ಬರ್ಕೊಂಡು ಬಂದ ಹೆಣ್ಮಕ್ಕಳಿಗೆ ಕಾಯೋದು ರೂಢಿ ಐತ್ರಿ” ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸಹಿಸುವುದು ಸುಲಭವಾಗುತ್ತಿತ್ತು.

ಪತ್ರಿಕೆಯಲ್ಲಿ ಮುದ್ರಿತವಾದ ಸಮಾನ 20 ನಿಮಿಷ ನೀತಿ. ಅವಳಿಗೆ ದೊರೆತ ಐದು ನಿಮಿಷ ಅಂದಿನ ನ್ಯಾಯ. ಮತ್ಸ್ಯನ್ಯಾಯವನ್ನು ವ್ಯಾಖ್ಯಾನಿಸುತ್ತಲೇ ನಾನು ದೊಡ್ಡ ಮೀನಾಗಿದ್ದೆ.

ಲೋಕದ ದೊಡ್ಡ ಸಮ್ಮೇಳನಗಳಲ್ಲಿಯೂ ಇದೇ ಸರದಿ. ಹವಾಮಾನ ಒಪ್ಪಂದದ ಮಾತುಕತೆಯಲ್ಲಿ 1991ರಷ್ಟು ಹಿಂದೆಯೇ ಸಣ್ಣ ದ್ವೀಪರಾಷ್ಟ್ರಗಳ ಪರವಾಗಿ ವನುವಾಟು, ಏರುವ ಕಡಲಿನಿಂದಾಗುವ ನಷ್ಟವನ್ನು ಭರಿಸುವ ವ್ಯವಸ್ಥೆ ಬೇಕೆಂದು ಕೇಳಿತ್ತು. ಅಂಥ ನಷ್ಟಗಳಿಗೆ ನಿಧಿ ಸ್ಥಾಪಿಸಲು ರಾಷ್ಟ್ರಗಳು ಒಪ್ಪಿದ್ದು 2022ರಲ್ಲಿ, ಈಜಿಪ್ತಿನ ಸಮ್ಮೇಳನದಲ್ಲಿ. ನಡುವೆ ಸಂದದ್ದು 31 ವರ್ಷ. ಕಡಲು ಮಾತ್ರ ಯಾರ ಸರದಿಗೂ ಕಾಯಲಿಲ್ಲ.

ಆ ಪ್ರಬಂಧವನ್ನು ಕೇಳಿ ಪಡೆದು ಅದೇ ರಾತ್ರಿ ಓದಿದೆ. ಅಂದಿನ ಗೋಷ್ಠಿಯಲ್ಲಿ ಕಣ್ಣಾರೆ ಕಂಡದ್ದನ್ನು ಬರೆದವಳು ಅವಳೊಬ್ಬಳೇ. ಈಗ ಅಧ್ಯಕ್ಷತೆ ಒದಗಿದಾಗ ಕಿರಿಯರನ್ನು ಮೊದಲು ಕರೆಯುತ್ತೇನೆ; ನನ್ನ ಮಾತನ್ನು ಕೊನೆಗಿಟ್ಟು, ಉಳಿದಷ್ಟು ಸಮಯದಲ್ಲಿ ಮುಗಿಸುತ್ತೇನೆ. ನಮ್ಮ ಮನೆಗಳಲ್ಲಿಯೂ ಮದುವೆ, ಆಸ್ತಿ, ಮಕ್ಕಳ ಓದು ಎಂದು ಹಿರಿಯರು ಕೂಡಿ ಮಾತನಾಡುವಾಗ, ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುವವರು ಇರುತ್ತಾರೆ. ಅವರ ಸರದಿ ಎಂದು ಬರುವುದೆಂದು ನಾವೇ ಕೇಳಿಕೊಳ್ಳಬೇಕು.