ದೊಡ್ಡಮ್ಮನ ಹಾಡಿಗೆ ತಾರೀಖು

ಮೊಳಕಾಲ್ಮುರಿನಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಚಳ್ಳಕೆರೆಗೆ ಬಸ್ಸು ಹತ್ತಿದ್ದೆವು. ಎರಡು ದಿನ ಸೋಬಾನೆ ಹಾಡಿದ್ದ ದೊಡ್ಡಮ್ಮನ ಗಂಟಲು ಕಟ್ಟಿಹೋಗಿತ್ತು. ಕಿಟಕಿ ಪಕ್ಕ ಕೂತಿದ್ದ ಮಗಳು ಕೇಳಿದಳು: "ಅಪ್ಪಾ, ಅಜ್ಜಿಗೆ ಗ್ರ್ಯಾಮಿ ಕೊಡಲ್ವಾ?"

ಬೆಂಗಳೂರಿನ ರಿಕಿ ಕೇಜ್ 2015ರಲ್ಲಿ ಗ್ರ್ಯಾಮಿ ಗೆದ್ದದ್ದನ್ನು ಅವಳು ಶಾಲೆಯಲ್ಲಿ ಕೇಳಿದ್ದಳು. ನಾನು ಹೇಳಿದೆ: "ಅಲ್ಲಿ ನೋಡುವುದು ಧ್ವನಿಮುದ್ರಣವನ್ನು. ಅದು ನಿಗದಿತ ಅವಧಿಯೊಳಗೆ ಅಮೆರಿಕದಲ್ಲಿ ಜನರಿಗೆ ಸಿಗುವಂತೆ ಬಿಡುಗಡೆಯಾಗಿರಬೇಕು."

"ಅಜ್ಜಿ, ನಿನ್ನ ಹಾಡು ಯಾವಾಗ ಬಿಡುಗಡೆ ಆಯ್ತು?"

"ನಮ್ಮವ್ವ ಬೀಸೋ ಕಲ್ಲಿನ ಮುಂದೆ ಕೂತಾಗ ಕಣವ್ವ," ಎಂದಳು ದೊಡ್ಡಮ್ಮ.

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಹಿಂದಿನ ವರ್ಷ ದೊಡ್ಡಮ್ಮನ ಹೆಸರಿನಲ್ಲಿ ಒಂದು ಪ್ರಶಸ್ತಿಗೆ ಅರ್ಜಿ ತಂದಿದ್ದೆ. ಹುಟ್ಟಿದ ತಾರೀಖು, ಎಷ್ಟು ವರ್ಷದ ಕಲಾಸೇವೆ, ಎಲ್ಲೆಲ್ಲಿ ಕಾರ್ಯಕ್ರಮ, ಪ್ರಮಾಣಪತ್ರ, ಪತ್ರಿಕೆಯ ತುಣುಕು ಎಲ್ಲವನ್ನೂ ಕೇಳಿದ್ದರು. ನೂರಾರು ಮದುವೆಗಳಲ್ಲಿ ಹಾಡಿದವಳ ಬಳಿ ಒಂದು ಫೋಟೊ ಕೂಡ ಇರಲಿಲ್ಲ. ನಾಳೆ ಬರೆದರಾಯಿತು ಎನ್ನುತ್ತಲೇ ಕೊನೆಯ ದಿನ ದಾಟಿತು. ತಪ್ಪು ನನ್ನದೇ.

ನಿಯಮಗಳೇ ಬೇಡವೆನ್ನಲಾಗದು. ಪದ್ಮ ಪ್ರಶಸ್ತಿಯನ್ನೇ ನೋಡಿ. ಮರಣೋತ್ತರ ಗೌರವ, ವಿದೇಶಿಯರು, ಅನಿವಾಸಿಗಳನ್ನು ಬಿಟ್ಟರೆ ವರ್ಷಕ್ಕೆ 120ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅಷ್ಟರಲ್ಲಿ ಆರಿಸಲು ಅಳತೆಗೋಲು ಬೇಕಲ್ಲ! ಅಲ್ಲಿ ಯಾರು ಬೇಕಾದರೂ ಯಾರ ಹೆಸರನ್ನಾದರೂ ಸೂಚಿಸಬಹುದು, ತಮ್ಮ ಹೆಸರನ್ನೂ ಸೂಚಿಸಿಕೊಳ್ಳಬಹುದು. ಆದರೆ ಸಾಧನೆಯನ್ನು 800 ಪದಗಳ ಒಳಗೆ ಬರೆದುಕೊಡಬೇಕು. ಸಾಮಾನ್ಯವಾಗಿ ತೀರಿಕೊಂಡವರಿಗೆ ಆ ಪ್ರಶಸ್ತಿ ಇಲ್ಲ. ದೊಡ್ಡಮ್ಮನಿಗೆ ಓದುಬರಹ ಬಾರದು, ಎಪ್ಪತ್ತೈದು ದಾಟಿದೆ.

ನಮ್ಮ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೂ ಅಕ್ಷರ ಬರುತ್ತಿರಲಿಲ್ಲ. ಹಾಡುಗಳೆಲ್ಲ ಅವರ ನೆನಪಿನಲ್ಲಿದ್ದವು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವರು ಆ ಹಾಡುಗಳನ್ನು ಕೇಳಿ, ಬರೆದುಕೊಂಡು, ಅಚ್ಚು ಹಾಕಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಿರಿಯಜ್ಜಿಗೆ ನಾಡೋಜ ಕೊಟ್ಟು ಗೌರವಿಸಿತು. ಹಾಡು ಅಜ್ಜಿಯದೇ. ಆದರೆ ಅದು ಹಟ್ಟಿಯ ಆಚೆಗೂ ಕೇಳಬೇಕಾದರೆ ಯಾರೋ ಒಬ್ಬರು ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕಾಯಿತು.

ದೊಡ್ಡಮ್ಮನ ಪಕ್ಕದಲ್ಲಿ ಅಕ್ಷರ ಬಲ್ಲವನು ನಾನಿದ್ದೆ. ಸುಮ್ಮನೆ ಇದ್ದೆ.

ಅವತ್ತು ರಾತ್ರಿ ಊಟವಾದ ಮೇಲೆ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿದೆವು: ಯಾವ ಹಾಡು, ಯಾರಿಂದ ಕಲಿತದ್ದು, ಯಾವ ಶಾಸ್ತ್ರಕ್ಕೆ ಹಾಡುವುದು. ನಾನು ಮೊಬೈಲಿನಲ್ಲಿ ಧ್ವನಿ ಹಿಡಿದೆ, ಮಗಳು ಬರೆದಳು. ಗಂಟಲು ಕಟ್ಟಿದ್ದರೂ ದೊಡ್ಡಮ್ಮ ಮೂರು ಹಾಡು ಹೇಳಿದಳು.

"ಇದಕ್ಕೆ ಪ್ರಶಸ್ತಿ ಬತ್ತದೇನಪ್ಪಾ?" ಎಂದು ಕೇಳಿದಳು.

"ಗೊತ್ತಿಲ್ಲ ದೊಡ್ಡಮ್ಮ," ಎಂದೆ.

"ಹೋಗ್ಲಿ ಬಿಡು. ಹುಡುಗಿ ಕಲಿತಾಳಲ್ಲ," ಎಂದು ನಾಲ್ಕನೆಯದನ್ನು ಎತ್ತಿಕೊಂಡಳು. ಮಗಳು ಪುಟದ ಮೇಲ್ಗಡೆ ಅವತ್ತಿನ ತಾರೀಖು ಬರೆದಳು.