ಸೆಟ್ಲಮೆಂಟಿನ ಬೇಲಿ

ಹುಬ್ಬಳ್ಳಿಯ ಆಟೋದವನಿಗೆ 'ಸೆಟ್ಲಮೆಂಟ್' ಎಂದರೆ ಸಾಕು, ಬೇರೆ ಗುರುತು ಹೇಳಬೇಕಾಗಿಲ್ಲ. ಊರಿನ ನಾಲಿಗೆಗೆ ಇಷ್ಟು ಸಲೀಸಾದ ಈ ಆಂಗ್ಲ ಶಬ್ದದ ಹಿಂದಿನ ಕಥೆಯನ್ನು ವಾಚಕರು ಅರಿಯಬೇಕೆಂದು ನಮ್ಮ ಆಸೆ. ಮೊನ್ನೆ ಒಂದು ಮುಂಜಾನೆ ನಾವು ಆ ಓಣಿಗಳಲ್ಲಿ ತಿರುಗಾಡಿ ಬಂದೆವು.

ಕೆಲವು ಕುಲಗಳನ್ನು ಅಪರಾಧಿ ಕುಲಗಳೆಂದು ಸಾರಲು ಅವಕಾಶ ಕೊಡುವ ಕಾಯಿದೆಯನ್ನು ಆಂಗ್ಲ ಸರಕಾರವು 1871ರಲ್ಲಿ ಮಾಡಿತು. 1911ರ ಹೊಸ ಕಾಯಿದೆಯಿಂದ ಅದು ಮುಂಬಯಿ ಪ್ರಾಂತಕ್ಕೂ ವ್ಯಾಪಿಸಿತು. ಸ್ಟಾರ್ಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ವಿಜಾಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ವಸಾಹತುಗಳು ಎದ್ದವು. ಕೊರವರು, ಗಂಟಿಚೋರರು, ಹರಣಶಿಕಾರಿಗಳು ಮೊದಲಾದವರು ಸಂಸಾರಸಮೇತ ತಂತಿಬೇಲಿಯೊಳಗೆ ಸೇರಿದರು. ಹೊತ್ತುಹೊತ್ತಿಗೆ ಹಾಜರಿ, ಹೊರಗೆ ಹೋಗಲು ಚೀಟಿ, ಹೊಟ್ಟೆಗಾಗಿ ಗಿರಣಿಯ ದುಡಿಮೆ, ಇದು ಅವರ ದಿನಚರಿ. ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ಇಡಲಿಕ್ಕೂ ಕಾಯಿದೆಯಲ್ಲಿ ಅಧಿಕಾರವಿತ್ತು.

ಇಂಗ್ಲಂಡಿನಲ್ಲಿಯೂ 1834ರ ಕಾನೂನಿನಂತೆ ಬಡವರ ದುಡಿಮೆಮನೆಗಳಿದ್ದವು. ಐದು ವರ್ಷ ಎಡೆಬಿಡದೆ ಅಲ್ಲಿಯೇ ಉಳಿದ ವಯಸ್ಕರ ಹೆಸರುಗಳನ್ನು 1861ರಲ್ಲಿ ಪಾರ್ಲಿಮೆಂಟಿಗಾಗಿ ಪಟ್ಟಿಮಾಡಿದಾಗ ಅವು 14 ಸಾವಿರವನ್ನು ಮೀರಿದ್ದವು. ಆದರೂ ಅಲ್ಲಿಯ ಬಡವನು ಮುಂಚಿತವಾಗಿ ತಿಳಿಸಿ ಹೊರಬೀಳಬಹುದಿತ್ತು. ಇಲ್ಲಿಯವನಿಗೆ ಹೊರಬೀಳುವುದೇ ಅಪರಾಧವಾಗಿತ್ತು. ಅಲ್ಲಿ ಬಡತನವು ಒಳಗೆ ತಳ್ಳಿತು, ಇಲ್ಲಿ ಹುಟ್ಟು.

1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ಅಂದಿನಿಂದ ಈ ಜನರಿಗೆ 'ವಿಮುಕ್ತ'ರೆಂಬ ಹೆಸರು. ಇಂದು ಆ ಓಣಿಗಳಲ್ಲಿ ಬೇಲಿಯಿಲ್ಲ. ಕಟ್ಟೆಯ ಮೇಲೆ ಮುದುಕರು ಚಹಾ ಕುಡಿಯುತ್ತಿದ್ದರು. ಮಕ್ಕಳು ಪಾಟಿಚೀಲ ಹೊತ್ತು ಶಾಲೆಗೆ ಹೊರಟಿದ್ದರು.

ಆ ಮಕ್ಕಳನ್ನು ಕಂಡು ನಮಗೆ ತಲೆಯೆತ್ತುವುದು ಕಷ್ಟವಾಯಿತು. ಮೂವತ್ತು ವರ್ಷಗಳ ಹಿಂದೆ, ನಾವು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಒಮ್ಮೆ ನಮ್ಮ ಪೆನ್ನು ಕಾಣದಾಯಿತು. ವರ್ಗದಲ್ಲಿ ನಲವತ್ತು ಹುಡುಗರಿದ್ದರು. ನಾವು ಮೊದಲು ಬಿಚ್ಚಿಸಿದ್ದು ಸೆಟ್ಲಮೆಂಟಿನಿಂದ ಬರುತ್ತಿದ್ದ ಹುಡುಗನ ಚೀಲವನ್ನು. ಅವನು ಏನೂ ಕೇಳದೆ ಚೀಲ ತೆರೆದು ನಿಂತ. ಅವನಿಗೆ ಅದು ರೂಢಿಯಾಗಿದ್ದಂತೆ ತೋರಿತು. ಪೆನ್ನು ಸಂಜೆ ನಮ್ಮ ಹಾಜರಿ ಪುಸ್ತಕದೊಳಗೇ ಸಿಕ್ಕಿತು. ಮರುದಿನ ಅವನಿಗೆ ನಾಲ್ಕು ಮಾತು ಹೇಳಬೇಕೆಂದುಕೊಂಡೆವು. ಗುರುತನದ ಬಿಗುಮಾನ ಬಾಯಿ ಕಟ್ಟಿತು.

ಸಂಸ್ಕೃತ ವ್ಯಾಕರಣದಲ್ಲಿ 'ವಿಮುಕ್ತ' ಶಬ್ದದ ಕೊನೆಗಿರುವ ಕ್ತ ಪ್ರತ್ಯಯವು ಮುಗಿದ ಕ್ರಿಯೆಯನ್ನು ಹೇಳುತ್ತದೆ. ಎಷ್ಟೋ ಹುಡುಗರಿಗೆ ನಾವೇ ಅದನ್ನು ಕಲಿಸಿದ್ದೆವು. ಸರಕಾರವು ತಂತಿಯನ್ನು ಕಿತ್ತುಹಾಕಿತ್ತು. ನಮ್ಮ ಮನಸ್ಸಿನಲ್ಲಿ ಕ್ರಿಯೆ ಮುಗಿದಿರಲಿಲ್ಲ.